ಗೋಲಿಯೊಳಗಿನ ‘9’

ಚಡ್ಡಿಯ ಜೇಬು ಹರಿಯುವಷ್ಟು ಗೋಲಿ ತುಂಬಿಕೊಂಡು ಓಡಾಡಿದ ಬಾಲ್ಯ ನಮ್ಮಲ್ಲಿ ಅನೇಕರದು. ಗೆದ್ದ ಗೋಲಿಗಳ ಲೆಕ್ಕ ಇಟ್ಟಿದ್ದೇವೆಯೇ ಹೊರತು, ಇಷ್ಟೊಂದು ಗೋಲಿಗಳು ಒಂದೇ ಅಳತೆಯಲ್ಲಿ, ಇಷ್ಟು ದುಂಡಗೆ ಹೇಗೆ ತಯಾರಾಗುತ್ತವೆ ಎಂದು ಯಾವತ್ತೂ ಕೇಳಿಕೊಂಡಿಲ್ಲ. ಹಳೆಯ ಗೋಲಿಗಳನ್ನು ಸಂಗ್ರಹಿಸುವವರ ಬಗ್ಗೆ ಕುತೂಹಲಕ್ಕೆಂದು ಓದಲು ಶುರುಮಾಡಿದಾಗ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು. ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್‌ಸನ್. ಗೋಲಿ ಸಂಗ್ರಾಹಕರ ಲೋಕದಲ್ಲಿ ಈತನನ್ನು ಅರಿಯದವರಿಲ್ಲ. ಹೊರಗಿನವರಲ್ಲಿ ಕೇಳಿದವರೇ ಕಡಿಮೆ.

ಕ್ರಿಸ್ಟೆನ್‌ಸನ್ ಹುಟ್ಟಿದ್ದು 1849ರಲ್ಲಿ, ಡೆನ್ಮಾರ್ಕಿನಲ್ಲಿ. ಯೌವನದಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಕೊನೆಗೆ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ನೆಲೆನಿಂತ. ಆಕ್ರನ್ ಎಂದರೆ ರಬ್ಬರ್ ಮತ್ತು ಟೈರುಗಳ ಊರು ಎಂದು ಹಲವರಿಗೆ ಗೊತ್ತು. ಆದರೆ ಅದು ಗೋಲಿಗಳ ಊರೂ ಹೌದು. 1880ರ ದಶಕದಲ್ಲೇ ಸ್ಯಾಮ್ಯುಯೆಲ್ ಡೈಕ್ ಎಂಬಾತ ಅಲ್ಲಿ ಮಣ್ಣಿನ ಗೋಲಿಗಳನ್ನು ರಾಶಿ ರಾಶಿಯಾಗಿ ಮಾಡಿ ಮಾರುತ್ತಿದ್ದ.

ಗಾಜಿನ ಗೋಲಿಯ ಕಥೆ ಬೇರೆ. ಅವು ಹೆಚ್ಚಾಗಿ ಜರ್ಮನಿಯಿಂದ, ಅದರಲ್ಲೂ ಲೌಶಾ ಸುತ್ತಮುತ್ತಲಿನ ಕಸುಬುದಾರರ ಕೈಯಿಂದ ಬರುತ್ತಿದ್ದವು. ಬಣ್ಣದ ಎಳೆಗಳನ್ನು ಸೇರಿಸಿ ಉದ್ದನೆಯ ಗಾಜಿನ ಕೋಲು ತಯಾರಿಸುವುದು, ಅದರ ತುದಿಯನ್ನು ಕಾಯಿಸಿ, ಬಟ್ಟಲಿನಂಥ ಬಾಯಿಯ ವಿಶೇಷ ಕತ್ತರಿಯಲ್ಲಿ ತಿರುಗಿಸಿ ದುಂಡಗೆ ಮಾಡುವುದು, ಆಮೇಲೆ ತುಂಡರಿಸುವುದು. ಒಂದಾದ ಮೇಲೆ ಒಂದು. ತುಂಡರಿಸಿದ ಜಾಗದಲ್ಲಿ ಒರಟಾದ ಕಲೆಯೊಂದು ಉಳಿಯುತ್ತಿತ್ತು. ಇವತ್ತಿಗೂ ಹಳೆಯ ಗೋಲಿ ಕೈಗೆ ಸಿಕ್ಕಾಗ ಸಂಗ್ರಾಹಕರು ಮೊದಲು ಹುಡುಕುವುದು ಈ ಕಲೆಯನ್ನೇ. ಅದಿದ್ದರೆ ಕೈಯಿಂದ ಮಾಡಿದ್ದು. ಇಲ್ಲದಿದ್ದರೆ ಬಹುಮಟ್ಟಿಗೆ ಯಂತ್ರದ್ದು.

ಆ ಯಂತ್ರವನ್ನು ಕೊಟ್ಟವನೇ ಕ್ರಿಸ್ಟೆನ್‌ಸನ್. ಅವನು ಗಾಜಿನ ಕಸುಬಿನಿಂದ ಬಂದವನಲ್ಲ, ಕಬ್ಬಿಣ ಉಕ್ಕಿನ ಕೆಲಸ ಕಲಿತವನು. ಬೇರಿಂಗ್‌ಗಳಿಗೆ ಬೇಕಾದ ಉಕ್ಕಿನ ಗುಂಡುಗಳನ್ನು ತಯಾರಿಸುವ ವಿಧಾನಗಳ ಮೇಲೆ ಮೊದಲು ಕೆಲಸ ಮಾಡಿದ್ದ. ಉಕ್ಕನ್ನು ದುಂಡಗೆ ಮಾಡಬಹುದಾದರೆ ಗಾಜನ್ನು ಯಾಕಾಗದು ಎಂದು ಅವನಿಗೆ ಅನ್ನಿಸಿದ್ದರಲ್ಲಿ ಅಚ್ಚರಿಯಿಲ್ಲ. 1902ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಅವನಿಗೆ ಐವತ್ತು ದಾಟಿತ್ತು. ಪೇಟೆಂಟ್ ಕೈಗೆ ಬಂದಿದ್ದು 1905ರಲ್ಲಿ. ಇಪ್ಪತ್ತೈದಕ್ಕೇ ಎಲ್ಲ ಮುಗಿಯಿತು ಎಂದು ಕೊರಗುವ ನನ್ನಂಥವರಿಗೆ ಈ ವಯಸ್ಸಿನ ಲೆಕ್ಕ ಸ್ವಲ್ಪ ಸಮಾಧಾನ ಕೊಡುತ್ತದೆ.

ಯಂತ್ರ ನೋಡಲು ಸರಳ. ಅಂಚಿನಲ್ಲಿ ತೋಡು ಕೊರೆದ ಎರಡು ಚಕ್ರಗಳು ಪಕ್ಕಪಕ್ಕ ತಿರುಗುತ್ತವೆ. ಕೆಂಪಗೆ ಕಾದ ಗಾಜಿನ ಮುದ್ದೆಯನ್ನು ಅವುಗಳ ನಡುವಿನ ತೋಡಿಗೆ ಹಾಕಿದರೆ ಅದು ಎಲ್ಲ ದಿಕ್ಕಿಗೂ ಉರುಳುತ್ತ ಉರುಳುತ್ತ, ತಣಿಯುವಷ್ಟರಲ್ಲಿ ಗುಂಡಾಗುತ್ತದೆ. ಒರಟು ಕಲೆಯಿಲ್ಲ, ಉಜ್ಜಿ ನುಣುಪು ಮಾಡುವ ಕೆಲಸವಿಲ್ಲ.

ಆದರೆ ಯಂತ್ರ ಪೂರ್ತಿ ಯಂತ್ರವಾಗಿರಲಿಲ್ಲ. ನನಗೆ ತುಂಬ ಹಿಡಿಸಿದ ಸಂಗತಿ ಇದೇ. ಕುಲುಮೆಯಿಂದ ಗಾಜು ತೆಗೆಯುವುದು ಇನ್ನೂ ಮನುಷ್ಯನ ಕೈಯಲ್ಲೇ ಇತ್ತು. ಕೆಲಸಗಾರ ಉದ್ದನೆಯ ಕಬ್ಬಿಣದ ಸರಳನ್ನು ಕರಗಿದ ಗಾಜಿನಲ್ಲಿ ಅದ್ದಿ, ತಿರುಗಿಸುತ್ತ ಮುದ್ದೆ ಎತ್ತುತ್ತಿದ್ದ. ಪಾತ್ರೆಯಲ್ಲಿ ಬಿಳಿ ಗಾಜೂ ಬಣ್ಣದ ಗಾಜೂ ಅರ್ಧಂಬರ್ಧ ಬೆರೆತಿರುತ್ತಿದ್ದವು. ಸರಳನ್ನು ತಿರುಗಿಸುವ ಆ ಮಣಿಕಟ್ಟಿನ ಚಲನೆಗೆ ಗೋಲಿಯ ಒಂದು ತುದಿಯಲ್ಲಿ ಬಿಳಿ ಎಳೆ ‘9’ ಅಂಕಿಯ ಆಕಾರದಲ್ಲಿ ಸುತ್ತಿಕೊಳ್ಳುತ್ತಿತ್ತು. ಇನ್ನೊಬ್ಬ ಕತ್ತರಿಯಿಂದ ಮುದ್ದೆಯನ್ನು ಕತ್ತರಿಸಿದ ಕಡೆ, ಎದುರು ತುದಿಯಲ್ಲಿ, ಸಣ್ಣ ಬಾಲದಂಥ ಗೆರೆ ಮೂಡುತ್ತಿತ್ತು. ಒಂದು ಕಡೆ 9, ಇನ್ನೊಂದು ಕಡೆ ಬಾಲ. ಎರಡು ಬಣ್ಣ ಸುತ್ತಿಕೊಂಡ, ‘ಸ್ಲ್ಯಾಗ್’ ಎಂದು ಕರೆಯುವ ಹಳೆಯ ಗೋಲಿಯಲ್ಲಿ ಇವೆರಡೂ ಸ್ಪಷ್ಟವಾಗಿ ಕಂಡರೆ ಸಂಗ್ರಾಹಕರ ಕಣ್ಣು ಅರಳುತ್ತದೆ. ಕ್ರಿಸ್ಟೆನ್‌ಸನ್ ಕಾರ್ಖಾನೆಯದು ಎನ್ನಲು ಅದೊಂದು ಬಲವಾದ ಸುಳಿವು.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಶುರುವಾದ ಕೆಲಸಕ್ಕೆ ಮಗ ಚಾರ್ಲ್ಸ್ ಜೊತೆಯಾದ. ‘ಎಂ.ಎಫ್. ಕ್ರಿಸ್ಟೆನ್‌ಸನ್ ಅಂಡ್ ಸನ್’ ಎಂಬ ಹೆಸರಾಯಿತು. ಗಾಜಿನ ಬಣ್ಣಗಳ ಗುಟ್ಟು ಬಂದಿದ್ದು ಜೇಮ್ಸ್ ಹಾರ್ವೆ ಲೇಟನ್ ಎಂಬ ಗಾಜು ತಜ್ಞನಿಂದ. ಯಾವ ಪುಡಿ ಎಷ್ಟು ಹಾಕಿದರೆ ಯಾವ ಬಣ್ಣ ಎಂಬ ಪಾಕಪಟ್ಟಿಗಳನ್ನು ಕ್ರಿಸ್ಟೆನ್‌ಸನ್ ಅವನಿಂದ ಕೊಂಡುಕೊಂಡಿದ್ದ. ಒಣಗಿದ ರಕ್ತದಂಥ ಗಾಢ ಕೆಂಪಿನ ‘ಆಕ್ಸ್‌ಬ್ಲಡ್’ ಅದರಲ್ಲಿ ಹೆಸರಾದದ್ದು.

ಇನ್ನು ನೋವಿನ ಭಾಗ. ಆಕ್ರನ್‌ನಲ್ಲೇ ಕೆಲವರು ಸೇರಿ ‘ಆಕ್ರೊ ಅಗೇಟ್’ ಎಂಬ ಕಂಪನಿ ಕಟ್ಟಿದರು. ಮೊದಮೊದಲು ಅವರು ಕ್ರಿಸ್ಟೆನ್‌ಸನ್ ಗೋಲಿಗಳನ್ನೇ ಕೊಂಡು, ತಮ್ಮ ಪೊಟ್ಟಣದಲ್ಲಿ ಹಾಕಿ ಮಾರುತ್ತಿದ್ದರು. ಕ್ರಿಸ್ಟೆನ್‌ಸನ್ ಬಳಿ ಲೆಕ್ಕ ಬರೆಯುತ್ತಿದ್ದ ಹೊರೇಸ್ ಹಿಲ್ ಅವರ ಕಡೆ ಸೇರಿದ. ಬರಿಗೈಯಲ್ಲಿ ಹೋಗಲಿಲ್ಲ. ಯಂತ್ರದ ವಿವರ, ಗಿರಾಕಿಗಳ ಪರಿಚಯ ಎರಡನ್ನೂ ಒಯ್ದ. ಹಣ ಲಪಟಾಯಿಸಿದ್ದೂ ಆಮೇಲೆ ಬಯಲಾಯಿತು. 1914ರಲ್ಲಿ ಆಕ್ರೊ ಕಂಪನಿ, ನೈಸರ್ಗಿಕ ಅನಿಲ ಅಗ್ಗವಾಗಿ ಸಿಗುತ್ತಿದ್ದ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಗಿ ತನ್ನದೇ ಗೋಲಿ ಮಾಡತೊಡಗಿತು. ಅದರ ವ್ಯಾಪಾರ ಚಿಹ್ನೆ ಏನು ಗೊತ್ತೇ? ಕೊಕ್ಕಿನಲ್ಲೂ ಕಾಲುಗಳಲ್ಲೂ ಗೋಲಿ ಹಿಡಿದು ಹಾರುತ್ತಿರುವ ಕಾಗೆ! ಇಷ್ಟು ಚೆನ್ನಾಗಿ ಒಪ್ಪುವ ಚಿತ್ರವನ್ನು ಕಥೆಗಾರನೂ ಕಟ್ಟಲಾರ.

ಕ್ರಿಸ್ಟೆನ್‌ಸನ್ 1915ರಲ್ಲಿ ತೀರಿಕೊಂಡ. ಯಂತ್ರದ ಮೇಲೆ ಹಿಲ್ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದಿದ್ದೂ ಅದೇ ವರ್ಷ. ಮಗ ಕಾರ್ಖಾನೆಯನ್ನು ಇನ್ನೆರಡು ವರ್ಷ ನಡೆಸಿದ. 1917ರಲ್ಲಿ ಯುದ್ಧದಿಂದಾಗಿ ಅನಿಲದ ಕೊರತೆ ಎದುರಾಗಿ ಕುಲುಮೆ ಆರಿತು. ಜರ್ಮನಿಯ ಗೋಲಿಗಳು ಬರುವುದು ನಿಂತು, ಅಮೆರಿಕದ ಮಾರುಕಟ್ಟೆ ಬಾಗಿಲು ತೆರೆದು ಕಾದಿದ್ದ ಹೊತ್ತದು. ಒಳಗೆ ಹೋಗಿ ಕೂತದ್ದು ಆಕ್ರೊ.

ಆಕ್ರೊ ಮುಂದೆ ಬಹಳ ದೊಡ್ಡದಾಯಿತು. ಕುಲುಮೆಯಿಂದ ಗಾಜು ತಾನಾಗಿ ಇಳಿದು, ತುಂಡಾಗಿ, ಉರುಳುವ ವ್ಯವಸ್ಥೆ ಬಂತು. ಸರಳು ತಿರುಗಿಸುವ ಕೈ ಬೇಡವಾಯಿತು, ಜೊತೆಗೆ 9 ಕೂಡ ಮಾಯವಾಯಿತು. ಬದಲಿಗೆ ಒಂದು ಧ್ರುವದಿಂದ ಇನ್ನೊಂದಕ್ಕೆ ಸ್ಕ್ರೂವಿನಂತೆ ಸುತ್ತಿ ಇಳಿಯುವ ಬಣ್ಣದ ಪಟ್ಟೆ ಬಂತು. ಅದು ಆಕ್ರೊದ ಗುರುತು. ಈ ಕಂಪನಿ ಮುಂದೆ ‘ಮಾಸ್ಟರ್ ಮಾರ್ಬಲ್’ ಎಂಬ ಪೈಪೋಟಿದಾರನ ಮೇಲೆ, ತನ್ನ ಪೇಟೆಂಟ್ ಕದ್ದಿದ್ದಾರೆಂದು ದಾವೆ ಹೂಡಿತು. 1937ರಲ್ಲಿ ತೀರ್ಪು ಬಂತು. ಆಕ್ರೊ ಸೋತಿತು. ಅದು ನೆಚ್ಚಿಕೊಂಡಿದ್ದ ಪೇಟೆಂಟ್‌ಗಳು ನಿಲ್ಲಲಿಲ್ಲ. ಅದನ್ನು ಕೇಳಲು ಕ್ರಿಸ್ಟೆನ್‌ಸನ್ ಇರಲಿಲ್ಲ.

ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ಎಡವುವ ಜಾಗವೊಂದಿದೆ. 1925ರಲ್ಲಿ ಒಹಾಯೊದಲ್ಲೇ ‘ಕ್ರಿಸ್ಟೆನ್‌ಸನ್ ಅಗೇಟ್’ ಎಂಬ ಇನ್ನೊಂದು ಕಂಪನಿ ಹುಟ್ಟಿತು. ಹೆಸರು ಮಾತ್ರ ಒಂದೇ, ಮಾರ್ಟಿನ್ ಕಾರ್ಖಾನೆಗೂ ಅದಕ್ಕೂ ಸಂಬಂಧವಿಲ್ಲ. ಅದರ ಗೋಲಿಗಳು ಕಣ್ಣು ಕುಕ್ಕುವ ಬಣ್ಣದವು, ಬೆಂಕಿಯ ನಾಲಗೆಯಂಥ ಎಳೆಗಳವು. ಇನ್ನೊಂದು ಮಾತು: ಚಕ್ಕೆ ಎದ್ದಿದೆ ಎಂದು ಹಳೆಯ ಗೋಲಿಯನ್ನು ಉಜ್ಜಿ ಪಾಲಿಶ್ ಮಾಡಿಸಬಾರದು. ಮೇಲ್ಮೈ ಹೋದರೆ ಗುರುತೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಅಟ್ಟದ ಮೇಲಿದ್ದ ನನ್ನ ಹಳೆಯ ಗೋಲಿ ಡಬ್ಬಿ ಇಳಿಸಿದೆ. ಟ್ಯೂಬ್‌ಲೈಟ್ ಕೆಳಗೆ ಒಂದೊಂದನ್ನೇ ತಿರುಗಿಸಿ ನೋಡಿದೆ. ಎಲ್ಲವೂ ಒಳಗೆ ಬಣ್ಣದ ಎಲೆ ಇಟ್ಟಂತಿರುವ ಬೆಕ್ಕಿನ ಕಣ್ಣಿನ ಗೋಲಿಗಳು. ಕ್ರಿಸ್ಟೆನ್‌ಸನ್ ಸತ್ತು ಎಷ್ಟೋ ವರ್ಷಗಳಾದ ಮೇಲೆ ಬಂದವು. ಒಂದರಲ್ಲೂ 9 ಇರಲಿಲ್ಲ. ತಿರುಗಿಸುತ್ತ ತಿರುಗಿಸುತ್ತ ರಾತ್ರಿ ಹನ್ನೊಂದಾಗಿತ್ತು.