ಗುಬ್ಬಿಯ ವಿಲಿಯಂ ಆರ್ಥರ್ ದೊರೆಗಳು

ಹಾಗಲವಾಡಿ ಮೊದಲಾದ ಹಳ್ಳಿಗಳಿಂದ ಗುಬ್ಬಿಗೆ ಹೋಗಿಬರುವ ನಾವು, ಆ ಊರಿನಲ್ಲಿ ಸ್ವಲ್ಪಕಾಲ ಸೇವೆಮಾಡಿದ ವಿಲಿಯಂ ಆರ್ಥರ್ ದೊರೆಗಳನ್ನು ಸ್ಮರಿಸುವುದು ಯುಕ್ತವಾಗಿದೆ. ಇವರು 1819ರಲ್ಲಿ ಐರ್ಲೆಂಡ್ ದೇಶದಲ್ಲಿ ಹುಟ್ಟಿ, 20 ವರ್ಷದ ಯೌವನಸ್ಥರಾಗಿ 1839ರಲ್ಲಿ ವೆಸ್ಲಿಯನ್ ಮಿಷನ್ನಿನ ಪಕ್ಷವಾಗಿ ಮೈಸೂರು ಸೀಮೆಗೆ ಬಂದರು. ಬೋಧಿಸಬಂದವರು ತಾವೇ ಶಿಷ್ಯರಾಗಿ ಕುಳಿತು ಕನ್ನಡವನ್ನು ಕಲಿತರು. ಆದರೆ ಕಣ್ಣಿನ ವ್ಯಾಧಿಯು ಬಾಧಿಸಿದ್ದರಿಂದ, 1841ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಆದರೂ ಅವರು ಈ ಸೀಮೆಯನ್ನು ಮರೆಯಲಿಲ್ಲ. ಇಲ್ಲಿಯ ಸೇವೆಯ ವೃತ್ತಾಂತವನ್ನು 1847ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. 1851ರಿಂದ 1868ರ ವರೆಗೆ ಮಿಷನ್ನಿನ ಕಾರ್ಯದರ್ಶಿಗಳಲ್ಲೊಬ್ಬರಾಗಿ, ತಾವು ನಿಲ್ಲಲಾರದ ಹೊಲಕ್ಕೆ ಇತರರನ್ನು ಕಳುಹಿಸುವ ಕೆಲಸದಲ್ಲಿ ದುಡಿದರು. ಪ್ರತಿಯೊಬ್ಬನೂ ತನ್ನ ಆದಾಯದಲ್ಲಿ ಒಂದು ನಿಶ್ಚಿತ ಪಾಲನ್ನು ದಾನಕ್ಕಾಗಿ ತೆಗೆದಿಡಬೇಕೆಂದು ಉಪದೇಶಿಸಿದರು. 1866ರಲ್ಲಿ ವೆಸ್ಲಿಯನ್ ಕಾನ್ಫರೆನ್ಸಿನ ಅಧ್ಯಕ್ಷ ಪದವಿಯೂ ಅವರಿಗೆ ದೊರೆಯಿತು.

ಮುಂದೆ ಈ ಪ್ರಸಿದ್ಧ ಬೋಧಕರ ಧ್ವನಿಯೇ ಕುಂದಿಹೋಯಿತು. 1891ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಾನಾ ದೇಶಗಳ ಮೆಥೊಡಿಸ್ಟರು ಕೂಡಿದಾಗ, ಆರಂಭದ ಪ್ರಸಂಗವನ್ನು ಬರೆದವರು ಆರ್ಥರ್ ದೊರೆಗಳು. ಅದನ್ನು ಸಭೆಗೆ ಓದಿದವರೋ ಸ್ಟೀಫನ್‌ಸನ್ ಎಂಬ ಬೋಧಕರು. ದೊರೆಗಳು 1901ರಲ್ಲಿ ಫ್ರಾನ್ಸ್ ದೇಶದಲ್ಲಿ ನಿದ್ರೆಹೋದರು.

ಪ್ರಿಯರೇ, ಸಭೆಯಲ್ಲಿ ಮುಂದೆ ಕೂರುವವರಾರು, ಪ್ರಾರ್ಥನೆಗೆ ಕರೆಯಲ್ಪಡುವವರಾರು ಎಂದು ನಮ್ಮಲ್ಲಿ ಮನಸ್ತಾಪಗಳುಂಟಾಗುತ್ತವೆ. ನಮ್ಮ ಮಾತು ಇನ್ನೊಬ್ಬರ ಬಾಯಿಂದ ಬಂದರೆ ನಾವು ಸಹಿಸುವೆವೋ? ನಾವು ನೆಟ್ಟ ತೆಂಗಿನ ಎಳನೀರನ್ನು ನೆರೆಯವನು ಕುಡಿದು ತಣಿಯುವಾಗ ನಮ್ಮ ಹೃದಯವೂ ತಣಿಯುವುದಾದರೆ, ಅದೇ ದೀನತೆ.