ದೇಹದ ಕಾವಲುಗಾರರನ್ನು ಕಂಡವನು

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗವು ಕೆಂಪಗೆ ಊದಿಕೊಂಡು, ಒಂದೆರಡು ದಿನಗಳಲ್ಲಿ ಕೀವು ಕಟ್ಟುವುದನ್ನು ಎಲ್ಲರೂ ಬಲ್ಲರು. ಆ ಕೀವಿನ ಹಿಂದೆ ಒಂದು ಹೋರಾಟವೇ ಅಡಗಿದೆಯೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟವನು ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫ್ 1845ರಲ್ಲಿ ಖಾರ್ಕೋವ್ ನಗರದ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದನು. ಅಂದು ರಷ್ಯದ ಸಾಮ್ರಾಜ್ಯಕ್ಕೆ ಸೇರಿದ್ದ ಆ ಪ್ರದೇಶ ಈಗ ಯುಕ್ರೇನ್ ದೇಶದಲ್ಲಿದೆ. ಖಾರ್ಕೋವ್ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಈ ಪ್ರತಿಭಾವಂತನು 1870ರಲ್ಲಿ ಒಡೆಸ್ಸದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು.

ವಿದ್ಯೆ ಒಲಿದಂತೆ ಸಂಸಾರಸುಖ ಅವನಿಗೆ ಒಲಿಯಲಿಲ್ಲ. ಪತ್ನಿ ಲುಡ್ಮಿಲಾ ಕ್ಷಯರೋಗದಿಂದ ಎಷ್ಟು ಬಳಲಿದ್ದಳೆಂದರೆ, ವಿವಾಹದಂದು ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಅವನಿಗೆ ಬಾಳೇ ಬೇಡವೆನಿಸಿತು. ಆದರೆ ಪ್ರಕೃತಿಯ ರಹಸ್ಯಗಳನ್ನು ಅರಿಯುವ ಹಂಬಲ ಅವನನ್ನು ಮತ್ತೆ ಬದುಕಿನ ಕಡೆಗೆ ಸೆಳೆಯಿತು.

1882ರಲ್ಲಿ ಅವನು ಹುದ್ದೆಯನ್ನು ತ್ಯಜಿಸಿ ಸಿಸಿಲಿ ದ್ವೀಪದ ಮೆಸ್ಸೀನ ಪಟ್ಟಣಕ್ಕೆ ಹೋದನು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬನೇ ಕುಳಿತು ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಅದರೊಳಗೆ ಕೆಲವು ಕಣಗಳು ಸಂಚರಿಸುತ್ತಿದ್ದವು. ಹೊರಗಿನಿಂದ ನುಗ್ಗಿದ ಶತ್ರುವನ್ನು ಇವು ಎದುರಿಸುತ್ತವೆಯೋ ಎಂಬ ಆಲೋಚನೆ ಮಿಂಚಿನಂತೆ ಹೊಳೆಯಿತು. ತೋಟದಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ದೇಹಕ್ಕೆ ಚುಚ್ಚಿದನು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ, ಕಣಗಳು ಮುಳ್ಳನ್ನು ಸುತ್ತುವರಿದು ಮುತ್ತಿಕೊಂಡಿದ್ದವು!

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಕೆಲವು ಇದೇ ರೀತಿ ರೋಗಾಣುಗಳನ್ನು ನುಂಗಿ ಜೀರ್ಣಿಸುತ್ತವೆಯೆಂದು ಅವನು ಸಾರಿದನು. ರಕ್ತದ ದ್ರವಭಾಗವೇ ರೋಗವನ್ನು ತಡೆಯುತ್ತದೆಂದು ನಂಬಿದ್ದ ಅನೇಕ ವಿದ್ವಾಂಸರು ಇದನ್ನು ಬಲವಾಗಿ ವಿರೋಧಿಸಿದರು. ಮೆಚ್ನಿಕಾಫ್ ಎದೆಗುಂದಲಿಲ್ಲ. 1888ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯನ್ನು ಸೇರಿ, ಪ್ರಯೋಗದ ಮೇಲೆ ಪ್ರಯೋಗ ನಡೆಸಿ ಉತ್ತರ ಕೊಟ್ಟನು. ಕೊನೆಗೆ ಎರಡು ಪಕ್ಷಗಳಲ್ಲಿಯೂ ಸತ್ಯವಿದೆಯೆಂದು ತಿಳಿಯಿತು. 1908ರ ನೊಬೆಲ್ ಪಾರಿತೋಷಕವನ್ನು ಅವನಿಗೂ ದ್ರವಪಕ್ಷದ ಪಾಲ್ ಎರ್ಲಿಕ್‌ನಿಗೂ ಹಂಚಲಾಯಿತು. 1916ರಲ್ಲಿ ಮೆಚ್ನಿಕಾಫ್ ಪ್ಯಾರಿಸ್ಸಿನಲ್ಲಿ ನಿಧನನಾದನು. ಅವನ ಚಿತಾಭಸ್ಮವನ್ನು ಪಾಸ್ತರ್ ಸಂಸ್ಥೆಯ ಗ್ರಂಥಾಲಯದಲ್ಲಿಯೇ ಇರಿಸಲಾಯಿತು.

ಅವನು ಆರಂಭಿಸಿದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ಭಕ್ಷಕ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಕ್ಯಾನ್ಸರ್ ಗಡ್ಡೆಯು ರಾಸಾಯನಿಕ ಸಂದೇಶಗಳನ್ನು ಕಳುಹಿಸಿ, ಇವು ಪೂರ್ತಿ ಬಲಿಯುವ ಮೊದಲೇ ಮಜ್ಜೆಯಿಂದ ಹೊರಬರುವಂತೆ ಮಾಡಬಲ್ಲುದು. ಹೀಗೆ ಬಂದ ಎಳೆಯ ಕಣಗಳು ಗಡ್ಡೆಯೊಡನೆ ಹೋರಾಡುವುದಿಲ್ಲ. ಹೋರಾಡಬಲ್ಲ ಟಿ ಕಣಗಳಿಗೆ ಬೇಕಾದ ಪೋಷಕಾಂಶವನ್ನು ಕಡಿಮೆ ಮಾಡಿ, ಅವುಗಳ ಕೈಕಟ್ಟಿಹಾಕುತ್ತವೆ. ಮನೆಯ ಕಾವಲುಗಾರನೇ ಕಳ್ಳನಿಗೆ ಬಾಗಿಲು ಕಾದಂತೆ! 2007ರಲ್ಲಿ ವಿಜ್ಞಾನಿಗಳು ಈ ದಮನಕಾರಿ ಕಣಗಳಿಗೆ ಒಂದು ಸಾಮಾನ್ಯ ಹೆಸರನ್ನು ಸೂಚಿಸಿದರು. ಅವುಗಳನ್ನು ತಡೆಯುವ, ಇಲ್ಲವೆ ಬಲಿಯುವಂತೆ ಮಾಡಿ ಸರಿದಾರಿಗೆ ತರುವ ಪ್ರಯತ್ನಗಳು ನಡೆದಿವೆ.

ಒಂದು ಗುಲಾಬಿಯ ಮುಳ್ಳು ತೆರೆದ ದಾರಿ ಇಷ್ಟು ದೂರ ಸಾಗಿದೆ. ಬಾಳೇ ಬೇಡವೆಂದು ಒಮ್ಮೆ ಕುಸಿದಿದ್ದವನು ಮತ್ತೆ ಎದ್ದು ನಿಂತುದರಿಂದ ಮನುಕುಲಕ್ಕೆ ಆದ ಲಾಭವಿದು.