ಈ ಒಗಟು ಮೇಧಾವಿಗಳಿಗೆ ಮಾತ್ರವೇ? ಗುಮಾಸ್ತ ಡ್ಯೂಡನಿಯವರ ಕಥೆ ಓದಿ

ಅಕ್ಷರಗಳ ಜಾಗಕ್ಕೆ ಅಂಕಿ ತುಂಬುವ ಒಗಟುಗಳು, ಮೇಧಾವಿಗಳಿಗೆ ಮಾತ್ರ ಎಂಬ ಸವಾಲಿನೊಂದಿಗೆ ನಮ್ಮ ಮೊಬೈಲ್‌ಗೂ ಬರುತ್ತಿರುತ್ತವೆ. ಇವುಗಳಲ್ಲಿ ಅತಿ ಪ್ರಸಿದ್ಧವಾದುದನ್ನು ಕೊಟ್ಟವರು ಕಾಲೇಜು ಮೆಟ್ಟಿಲನ್ನೇ ಹತ್ತಿರಲಿಲ್ಲ.

ಹೆನ್ರಿ ಡ್ಯೂಡನಿ ಹುಟ್ಟಿದ್ದು 1857ರಲ್ಲಿ, ಇಂಗ್ಲೆಂಡಿನ ಮೇಫೀಲ್ಡ್‌ನಲ್ಲಿ. ಅಜ್ಜ ಕುರಿ ಕಾಯುತ್ತಲೇ ಗಣಿತ ಕಲಿತವರು. ಡ್ಯೂಡನಿ 13ನೇ ವಯಸ್ಸಿಗೇ ಸರ್ಕಾರಿ ಗುಮಾಸ್ತರಾದರು. ಬಿಡುವಿನಲ್ಲಿ ತಾವೇ ಗಣಿತ ಓದಿಕೊಂಡು ಪತ್ರಿಕೆಗಳಿಗೆ ಒಗಟು ಬರೆದರು. ಅಮೆರಿಕದ ಸ್ಯಾಮ್ ಲಾಯ್ಡ್ ಜೊತೆ ಒಗಟು ಹಂಚಿಕೊಂಡರು. ಅವು ಲಾಯ್ಡ್ ಹೆಸರಿನಲ್ಲಿ ಅಚ್ಚಾದಾಗ ಸಂಬಂಧ ಕಡಿದುಕೊಂಡರು.

1924ರಲ್ಲಿ ಸ್ಟ್ರಾಂಡ್ ಮ್ಯಾಗಜೀನ್‌ನಲ್ಲಿ ಅವರ ಹೊಸ ಒಗಟು ಬಂತು. ಇಂಗ್ಲಿಷಿನ ಸೆಂಡ್ ಮತ್ತು ಮೋರ್ ಕೂಡಿದರೆ ಮನಿ ಬರಬೇಕು. ಒಟ್ಟು 8 ಅಕ್ಷರ, ಒಂದೊಂದಕ್ಕೂ ಬೇರೆ ಅಂಕಿ. ಸುಮ್ಮನೆ ಹಾಕುತ್ತಾ ಹೋದರೆ 18,14,400 ಜೋಡಣೆಗಳು! ಆದರೆ ಎರಡು ನಾಲ್ಕಂಕಿ ಸಂಖ್ಯೆ ಕೂಡಿ ಐದಂಕಿ ಬಂದರೆ ಮೊದಲ ಅಂಕಿ 1 ಮಾತ್ರ ಆಗಲು ಸಾಧ್ಯ. ಅಂದರೆ ಎಂ = 1. ಹೀಗೇ ಯೋಚಿಸಿದರೆ ಎಸ್ = 9, ಒ = 0.

ಡ್ಯೂಡನಿ 1930ರಲ್ಲಿ ತೀರಿಕೊಂಡರು. 1972ರಲ್ಲಿ ಫ್ರಾನ್ಸ್‌ನಲ್ಲಿ ಪ್ರೊಲಾಗ್ ಎಂಬ ಲಾಜಿಕ್ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿತು. ಇಂಥ ಭಾಷೆಯಲ್ಲಿ ನಾವು ನಿಯಮಗಳನ್ನು ಹೇಳಿದರೆ ಸಾಕು. ಹೊಂದದ ಅಂಕಿಗಳನ್ನು ಕಂಪ್ಯೂಟರ್ ಬಿಡುತ್ತಾ ಹೋಗುತ್ತದೆ. ಅದನ್ನು ಕಲಿಸುವವರು ಇಂದಿಗೂ ಡ್ಯೂಡನಿಯವರ ಇದೇ ಒಗಟನ್ನು ಕೊಡುತ್ತಾರೆ. ಉತ್ತರ: 9567 + 1085 = 10652.

ಬೇಕಿರುವುದು ಮೇಧಾವಿತನವಲ್ಲ, ಒಂದೊಂದೇ ಹೆಜ್ಜೆ ಯೋಚಿಸುವ ತಾಳ್ಮೆ. ಮುಂದಿನ ಸಲ ಈ ಒಗಟು ಫಾರ್ವರ್ಡ್ ಮಾಡುವಾಗ ಡ್ಯೂಡನಿ ಹೆಸರನ್ನೂ ಸೇರಿಸೋಣ.